ಒಳಗಿನವರಿಗೆ ಮಾತ್ರ ಅಂತ ಬಂದ ಮೇಂಟೆನೆನ್ಸ್ ಪೋಸ್ಟು: ಅರ್ಜಿ ಹಾಕ್ಬಹುದಾ?

ಓದುಗರೊಬ್ಬರ ಪ್ರಶ್ನೆ: ಸರ್, ನಾನು ಕಾಸರಗೋಡು ಜಿಲ್ಲೆಯ ಒಂದು ಕೇಂದ್ರ ಸರಕಾರಿ ಸಂಸ್ಥೆಯಲ್ಲಿ ಎಲೆಕ್ಟ್ರಿಕಲ್ ಟೆಕ್ನೀಶಿಯನ್. ನಮ್ಮಲ್ಲಿ ಸಂಬಳ, ಪ್ರಮೋಷನ್ ಎಲ್ಲ ಸೆಂಟ್ರಲ್ ರೂಲಿನ ಹಾಗೇ. 2010ರಲ್ಲಿ ಸೇರಿದ್ದು, ಈಗಿನ ಸಂಬಳದ ಪಟ್ಟಿಯ ಲೆಕ್ಕದಲ್ಲಿ ಲೆವೆಲ್ 4. 2020ರಲ್ಲಿ ಎಂಎಸಿಪಿ (ಪ್ರಮೋಷನ್ ಸಿಗದವರಿಗೆ 10, 20, 30 ವರ್ಷಕ್ಕೆ ಸಂಬಳದ ಲೆವೆಲ್ ಏರಿಸುವ ಸ್ಕೀಮು) ಸಿಕ್ಕಿ ಲೆವೆಲ್ 5 ಆಯ್ತು, ಈಗ ಬೇಸಿಕ್ 41,600. ಐಟಿಐ ಆದ್ಮೇಲೆ ಡಿಪ್ಲೊಮಾ ಕೂಡ ಮಾಡಿಕೊಂಡಿದ್ದೇನೆ. ಮೊನ್ನೆ ಒಳಗಿನವರಿಗೆ ಮಾತ್ರ ಅಂತ ಒಂದು ಸರ್ಕ್ಯುಲರ್ ಬಂದಿದೆ, ಕ್ಯಾಂಪಸಿನ ಎಲ್ಲ ಕಟ್ಟಡದ ಮೇಂಟೆನೆನ್ಸ್ ನೋಡಿಕೊಳ್ಳುವ ಸೂಪರಿಂಟೆಂಡೆಂಟ್ ಪೋಸ್ಟು, ಲೆವೆಲ್ 6. ಕೊನೆಯಲ್ಲಿ "ಮುಂದಿನ ಆದೇಶದ ತನಕ" ಅಂತ ಉಂಟು. ಹೆಂಡತಿ ಹಾಕಿ ಅಂತಾಳೆ. ಜೊತೆಗಿರುವವರು ಬೇಡ ಮಾರಾಯ, ಅದು ಯಾರಿಗೆ ಅಂತ ಮೊದ್ಲೇ ಫಿಕ್ಸ್ ಆಗಿದೆ, ಸಿಕ್ಕಿದ್ರೂ ದಿನಕ್ಕೆ 24 ಗಂಟೆ ಫೋನು, ಆಡಿಟ್ ಬಂದ್ರೆ ತಲೆದಂಡ ನಿಂದೇ ಅಂತ ಹೆದರಿಸ್ತಿದ್ದಾರೆ. ನಾನು ಕರೆಂಟಿನವ, ಸಿವಿಲ್ ಕೆಲ್ಸ ಅಷ್ಟು ಗೊತ್ತಿಲ್ಲ. ಕನ್ನಡ ಮೀಡಿಯಂ, ಇಂಗ್ಲಿಷಲ್ಲಿ ನೋಟ್ ಬರೀಲಿಕ್ಕೆ ಕಷ್ಟ. ಮುಳ್ಳೇರಿಯ ಕಡೆ ತೋಟ ಉಂಟು, ಅಮ್ಮನಿಗೆ ಪ್ರಾಯ ಆಯ್ತು, ದೂರ ಹೋಗ್ಲಿಕ್ಕೆ ಆಗುದಿಲ್ಲ. ಎಂತ ಮಾಡ್ಲಿ?

ಉತ್ತರ: ನಿಮ್ಮ ಪತ್ರದಲ್ಲಿ ಐದಾರು ಹೆದರಿಕೆ ಒಟ್ಟಿಗೆ ಉಂಟು, ಆದ್ರೆ ಎಲ್ಲದಕ್ಕಿಂತ ದೊಡ್ಡ ವಿಷಯ ನೀವು ಸುಮ್ನೆ ದಾಟಿಸಿ ಹೋದ ಆ ಒಂದು ಸಾಲಿನಲ್ಲಿ ಉಂಟು. "ಮುಂದಿನ ಆದೇಶದ ತನಕ." ಇದು ರೆಗ್ಯುಲರ್ ಪ್ರಮೋಷನ್ನಾ, ಅಡ್‌ಹಾಕಾ, ಅಥವಾ ಬರೀ ಚಾರ್ಜು ಕೊಡುದಾ ಅನ್ನುವುದು ಗೊತ್ತಾಗದೆ ಸಂಬಳದ ಲೆಕ್ಕ ಹಾಕಿ ಪ್ರಯೋಜನ ಇಲ್ಲ, ಆಡಿಟಿಗೆ ಹೆದರಿಯೂ ಪ್ರಯೋಜನ ಇಲ್ಲ. ಹಾಗಾಗಿ ಮೊದ್ಲು ಅಲ್ಲಿಂದಲೇ ಶುರು ಮಾಡುವ.

ರೆಗ್ಯುಲರ್ ಅಂದ್ರೆ ನೇಮಕಾತಿ ನಿಯಮದಲ್ಲಿ ಆ ಪೋಸ್ಟು ಇದೆ, ಅದು ಖಾಲಿ ಇದೆ, ಇಂಥಿಂಥವರು ಅರ್ಹರು ಅಂತ ಬರೆದಿದೆ, ಅದರ ಪ್ರಕಾರ ಕಮಿಟಿ ಕೂತು ಆರಿಸ್ತದೆ. ಅಡ್‌ಹಾಕ್ ಅಂದ್ರೆ ಸದ್ಯಕ್ಕೆ ಕೂತುಕೊಳ್ಳಿ, ಸಾಮಾನ್ಯವಾಗಿ ಒಂದು ವರ್ಷದ ಮಿತಿ ಇರ್ತದೆ, ರೆಗ್ಯುಲರ್ ಆಗಿ ಬೇರೆಯವರು ಬಂದ ದಿನ ನೀವು ಹಳೇ ಪೋಸ್ಟಿಗೆ, ಹಳೇ ಸಂಬಳಕ್ಕೆ ವಾಪಸ್, ಅಲ್ಲಿ ಕೂತ ಸಮಯ ಸೀನಿಯಾರಿಟಿಗೂ ಲೆಕ್ಕಕ್ಕಿಲ್ಲ. ಮೂರನೇದು ಹೆಚ್ಚುವರಿ ಚಾರ್ಜು, ಇದರಲ್ಲೇ ಜಾಸ್ತಿ ಜನ ಸಿಕ್ಕಿ ಬೀಳುದು. ಆ ಪೋಸ್ಟಿನ ದಿನನಿತ್ಯದ ಕೆಲಸ ಮಾತ್ರ ನೋಡಿಕೊಳ್ಳಿ ಅಂತ ಆರ್ಡರ್ ಬಂದ್ರೆ ಫಂಡಮೆಂಟಲ್ ರೂಲ್ 49ರ ಪ್ರಕಾರ ಎಷ್ಟು ಸಮಯ ಮಾಡಿದ್ರೂ ಒಂದು ಪೈಸೆ ಜಾಸ್ತಿ ಸಿಗುದಿಲ್ಲ. ಕೆಲಸ ಪೂರ್ತಿ, ಫೋನ್ ಪೂರ್ತಿ, ಸಂಬಳ ಹಳೇದು. ನಿಮ್ಮ ಸರ್ಕ್ಯುಲರಿನ ಆ ಸಾಲು ಈ ಮೂರರಲ್ಲಿ ಯಾವುದಕ್ಕೂ ಹೊಂದಿಕೊಳ್ಳಬಹುದು, ನನ್ನ ಅನುಭವದಲ್ಲಿ ಅಂಥ ಸಾಲು ಇರುವಲ್ಲಿ ರೆಗ್ಯುಲರ್ ಇರುದು ಕಮ್ಮಿ, ಆದ್ರೂ ಊಹೆ ಮಾಡಿ ಕೂರುದು ಬೇಡ. ಎಸ್ಟಾಬ್ಲಿಷ್‌ಮೆಂಟ್ ಸೆಕ್ಷನಿಗೆ ಎರಡು ಸಾಲಿನ ಒಂದು ಪತ್ರ ಕೊಡಿ: ಈ ನೇಮಕಾತಿ ರೆಗ್ಯುಲರಾ ಅಡ್‌ಹಾಕಾ, ಪೇ ಫಿಕ್ಸೇಶನ್ (ಹೊಸ ಪೋಸ್ಟಿನ ಬೇಸಿಕ್ ನಿಗದಿ) ಯಾವ ನಿಯಮದಲ್ಲಿ, ದಯವಿಟ್ಟು ತಿಳಿಸಿ ಅಂತ. ಕ್ಯಾಂಟೀನಲ್ಲಿ ಕ್ಲರ್ಕಿನತ್ರ ಕೇಳಿದ್ರೆ ಒಂದು ಉತ್ತರ ಸಿಗ್ತದೆ, ಪತ್ರ ಕೊಟ್ಟು ಕೇಳಿದ್ರೆ ಬೇರೆ ಉತ್ತರ ಸಿಗ್ತದೆ, ನಿಮಗೆ ಬೇಕಾದ್ದು ಎರಡನೇದು.

ಈಗ ದುಡ್ಡಿನ ವಿಷಯ. ಲೆವೆಲ್ 6 ಅಂದ ಕೂಡ್ಲೆ ಮನೆಯಲ್ಲಿ ಎಲ್ಲರಿಗೂ ದೊಡ್ಡ ಆಸೆ ಹುಟ್ಟಿರ್ತದೆ, ಲೆಕ್ಕ ಹಾಕಿ ನೋಡಿ. ಲೆವೆಲ್ ಏರಿದ್ದಕ್ಕೆ ಸಿಗುವ ಇನ್ಕ್ರಿಮೆಂಟ್ ನಿಮಗೆ ಎಂಎಸಿಪಿಯಲ್ಲೇ ಸಿಕ್ಕಿ ಆಗಿದೆ, ಈ ಪ್ರಮೋಷನಿಗೆ ಅದು ಪುನಃ ಇಲ್ಲ, ನಿಮ್ಮ 41,600ಕ್ಕೆ ಲೆವೆಲ್ 6ರ ಪಟ್ಟಿಯಲ್ಲಿ ಸಮ ಅಥವಾ ಮೇಲಿನ ಸೆಲ್ (ಮೊತ್ತ) ಹುಡುಕಿದ್ರೆ 42,300. ಅಂದ್ರೆ ಬೇಸಿಕಲ್ಲಿ 700 ಹೆಚ್ಚು, ಅದರ ಮೇಲೆ ತುಟ್ಟಿಭತ್ಯೆ. ಅಷ್ಟೆ. ಈಗ ನಿಮಗೆ ರಾತ್ರಿ ಶಿಫ್ಟಿಗೆ ನೈಟ್ ಡ್ಯೂಟಿ ಅಲೋವೆನ್ಸ್ ಬರ್ತಾ ಇದ್ರೆ ಸೂಪರಿಂಟೆಂಡೆಂಟ್ ಆಗಿ ರಾತ್ರಿ ಶಿಫ್ಟು ಬಿಟ್ಟ್ರೆ ಅದು ನಿಲ್ತದೆ, ಹಾಗಾಗಿ ಕೈಗೆ ಬರುವ ಮೊತ್ತದಲ್ಲಿ ಮೊದಲ ವರ್ಷ ಏನೂ ವ್ಯತ್ಯಾಸ ಕಾಣದೇ ಹೋಗ್ಬಹುದು. ಇನ್ನೊಂದು, ನಿಮಗೆ 2030ಕ್ಕೆ 20 ವರ್ಷ ತುಂಬ್ತದೆ, ಆಗ ಎರಡನೇ ಎಂಎಸಿಪಿಯಲ್ಲಿ ಲೆವೆಲ್ 6 ಹೇಗೂ ಬರ್ತದೆ, ಈ ಪೋಸ್ಟು ಸಿಗದಿದ್ರೂ. ಅದು ಒಮ್ಮೆ ಬಂದ ಮೇಲೆ ಅದೇ ಲೆವೆಲಿನ ಪೋಸ್ಟಿಗೆ ಪ್ರಮೋಷನ್ ಆದ್ರೆ ಮತ್ತೆ ಪುನಃ ಪೇ ಫಿಕ್ಸೇಶನ್ ಇಲ್ಲ, ಕೆಲಸ ಮಾತ್ರ ಜಾಸ್ತಿ. ಅಂದ ಮೇಲೆ ಹೋಗುದಾದ್ರೆ ಈಗ ಹೋಗುದೇ ಲಾಭ. ರೆಗ್ಯುಲರ್ ಆಗಿ ಈಗಲೇ ಲೆವೆಲ್ 6 ಸಿಕ್ಕಿದ್ರೆ 2030ರ ಆ ಎರಡನೇ ಎಂಎಸಿಪಿಯಲ್ಲಿ ಬರುದು ಲೆವೆಲ್ 7, ಇಲ್ಲದಿದ್ರೆ ಅದಕ್ಕೆ 2040ರ ತನಕ ಕಾಯ್ಬೇಕು. ನಿಜವಾದ ಲಾಭ ಇರುದು ಈ ಹತ್ತು ವರ್ಷದ ಅಂತರದಲ್ಲಿ, ಅದು ಪೆನ್ಶನಿನ ತನಕ ಎಳೀತದೆ. ಆದ್ರೆ ಎಂಎಸಿಪಿಗೆ ರೆಗ್ಯುಲರ್ ಸರ್ವಿಸ್ ಮಾತ್ರ ಲೆಕ್ಕ, ಅಡ್‌ಹಾಕಲ್ಲಿ ಕೂತದ್ದು ಲೆಕ್ಕಕ್ಕಿಲ್ಲ, ಅದಕ್ಕೇ ಮೊದಲು ಆ ಒಂದು ಸಾಲಿನ ಬಗ್ಗೆ ಅಷ್ಟು ಹೇಳಿದ್ದು.

ಹಾಕಿ ನೋಡುವ, ಸಿಕ್ಕಿದ ಮೇಲೆ ಬೇಡ ಅಂದ್ರಾಯ್ತು ಅಂತ ಯಾರಾದ್ರೂ ಹೇಳಿದ್ರೆ ಕೇಳ್ಬೇಡಿ. ರೆಗ್ಯುಲರ್ ಪ್ರಮೋಷನ್ ಆರ್ಡರ್ ಬಂದ ಮೇಲೆ ನಿರಾಕರಿಸಿದ್ರೆ ಒಂದು ವರ್ಷ ಮತ್ತೆ ಪ್ರಮೋಷನಿಗೆ ಪರಿಗಣಿಸುದಿಲ್ಲ, ಅದಕ್ಕಿಂತ ದೊಡ್ಡ ಪೆಟ್ಟು ಅಂದ್ರೆ ಅವಕಾಶ ಸಿಕ್ಕಿಯೂ ಬೇಡ ಅಂದವ ಅಂತ 2030ರ ಎಂಎಸಿಪಿಗೇ ಕಲ್ಲು ಬೀಳ್ತದೆ. ಬೇಡ ಅಂತಾದ್ರೆ ಈಗ ಅರ್ಜಿ ಹಾಕದೇ ಇರುದು ಒಳ್ಳೇದು.

ಮೊದ್ಲೇ ಫಿಕ್ಸ್ ಅನ್ನುವ ಮಾತು ನಾನು ಪ್ರತಿ ಪೋಸ್ಟಿನ ಬಗ್ಗೆಯೂ ಕೇಳಿದ್ದೇನೆ. ಆಯ್ಕೆ ಕಮಿಟಿಯಲ್ಲಿ ಕೂತಿದ್ದೇನೆ ಹಾಗಾಗಿ ಹೇಳ್ತೇನೆ, ಮೇಲಿನವರಿಗೆ ಒಬ್ಬರ ಮೇಲೆ ಮನಸ್ಸಿರುದು ಸುಳ್ಳಲ್ಲ, ಆದ್ರೆ ಇನ್ನೊಂದು ಅರ್ಹ ಅರ್ಜಿ ಟೇಬಲಿನ ಮೇಲೆ ಇದ್ದಾಗ ಅದನ್ನು ಬಿಟ್ಟದ್ದು ಯಾಕೆ ಅಂತ ಬರೀಬೇಕಾಗ್ತದೆ, ಯಾರೂ ಅರ್ಜಿಯೇ ಹಾಕದಿದ್ರೆ ಆ ಕಷ್ಟವೇ ಇಲ್ಲ. ಫಿಕ್ಸ್ ಆಗುದು ಹೆಚ್ಚಾಗಿ ಉಳಿದವರು ಅರ್ಜಿ ಹಾಕದೇ ಇರುವುದರಿಂದಲೇ. ನಿಮಗೆ ಸಿಗದಿದ್ರೆ ಆಮೇಲೆ ನಿಮ್ಮದೇ ಮಾರ್ಕು, ಆಯ್ಕೆಯ ಮಾನದಂಡ ಮಾಹಿತಿ ಹಕ್ಕಿನಲ್ಲಿ ಕೇಳ್ಬಹುದು, ಜಗಳಕ್ಕಲ್ಲ, ಮುಂದಿನ ಸಲಕ್ಕೆ ಎಲ್ಲಿ ಕಮ್ಮಿ ಆಯ್ತು ಅಂತ ತಿಳಿಲಿಕ್ಕೆ.

"ಕರೆಂಟಿನವ, ಸಿವಿಲ್ ಗೊತ್ತಿಲ್ಲ" ಅಂತ ಬರೆದಿದ್ದೀರಿ. ಇದನ್ನು ಸ್ವಲ್ಪ ಉದ್ದ ಹೇಳ್ತೇನೆ ಯಾಕಂದ್ರೆ ಇಲ್ಲೇ ನಿಮ್ಮ ಅಂದಾಜು ತಪ್ಪಿದೆ. ಈಗಿನ ಕ್ಯಾಂಪಸಲ್ಲಿ ರಾತ್ರಿ ಫೋನ್ ಬರುವ ಕೆಲಸ ಯಾವುದು ಹೇಳಿ? ಪಂಪು, ಜನರೇಟರು, ಲಿಫ್ಟು, ಎಸಿ, ಫೈರ್ ಅಲಾರ್ಮು, ಕೊಳಚೆ ನೀರು ಶುದ್ಧ ಮಾಡುವ ಎಸ್‌ಟಿಪಿಯ ಮೋಟಾರು. ಮುಕ್ಕಾಲು ಭಾಗ ನಿಮ್ಮದೇ ಕೆಲಸ. ನಮ್ಮ ಊರಿನ ಮುರಕಲ್ಲಿನ ಗುಡ್ಡದ ಮೇಲೆ ಕಟ್ಟಿದ ಕ್ಯಾಂಪಸ್‌ಗಳಲ್ಲಿ ಅರ್ಥಿಂಗ್ ಎಷ್ಟು ಕಷ್ಟ ಅಂತ ನಿಮಗೆ ನಾನು ಹೇಳ್ಬೇಕಾಗಿಲ್ಲ, ಬೇಸಿಗೆಯಲ್ಲಿ ಅರ್ಥಿಂಗಿನ ಪಿಟ್ಟು (ಗುಂಡಿ) ಒಣಗಿ ರೆಸಿಸ್ಟೆನ್ಸ್ ಏರಿರ್ತದೆ, ಅದೇ ಹೊತ್ತಿಗೆ ಏಪ್ರಿಲ್ ಮೇಯಲ್ಲಿ ಸಿಡಿಲು ಶುರು, ಒಂದು ಸಿಡಿಲಿಗೆ ಯುಪಿಎಸ್ಸು ನೆಟ್‌ವರ್ಕ್ ಸ್ವಿಚ್ಚು ಎಲ್ಲ ಹೋಗ್ತದೆ. ಇದನ್ನು ಅರ್ಥ ಮಾಡಿಕೊಂಡವ ಸೂಪರಿಂಟೆಂಡೆಂಟ್ ಆಗಿದ್ರೆ ಮಾರ್ಚಿನಲ್ಲೇ ಪಿಟ್ಟು ಟೆಸ್ಟ್ ಮಾಡಿಸ್ತಾನೆ, ಸಿವಿಲ್ಲಿನವರಿಗೆ ಅದು ನೆನಪೇ ಆಗುದಿಲ್ಲ.

ಸಿವಿಲ್ಲಲ್ಲಿ ನಮ್ಮ ಕಡೆ ಮುಖ್ಯವಾಗಿ ಒಂದೇ ಶತ್ರು, ನೀರು. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ನಮ್ಮದು, ಅದರಲ್ಲಿ ಹೆಚ್ಚಿನದ್ದು ಜೂನಿನಿಂದ ಸೆಪ್ಟೆಂಬರ್ ಒಳಗೆ. ಸೀಲಿಂಗಿನಲ್ಲಿ ಒದ್ದೆ ಕಲೆ ಕಂಡ್ರೆ ಎಲ್ಲರೂ ಟೆರೇಸ್ ಸೋರ್ತದೆ ಅಂತ ವಾಟರ್‌ಪ್ರೂಫ್ ಪೈಂಟಿಗೆ ಎಸ್ಟಿಮೇಟ್ ಹಾಕ್ತಾರೆ. ಮೊದ್ಲು ನೋಡ್ಬೇಕಾದ್ದು ಆ ಕಲೆ ಏಪ್ರಿಲಲ್ಲಿಯೂ ಒದ್ದೆ ಉಂಟಾ ಅಂತ. ಮಳೆ ಇಲ್ಲದಾಗಲೂ ಒದ್ದೆ ಇದ್ರೆ ಅದು ಮೇಲಿನ ಬಾತ್‌ರೂಮಿನ ಪೈಪು, ಟೆರೇಸಿಗೆ ಎಷ್ಟು ಲಕ್ಷ ಸುರಿದ್ರೂ ನಿಲ್ಲುದಿಲ್ಲ. ಮಳೆಗೆ ಮಾತ್ರ ಬರುದಾದ್ರೆ ಪೈಂಟಿಗೆ ಮುಂಚೆ ನೀರು ಹೋಗುವ ಪೈಪಿನ ಬಾಯಿ ನೋಡಿ, ಎಲೆ ಕಟ್ಟಿ ಟೆರೇಸಲ್ಲಿ ನೀರು ನಿಂತಿರ್ತದೆ, ಇಳಿಜಾರು ಸರಿ ಇರುದಿಲ್ಲ. ಹಾಗೇ ಕಿಟಕಿ ಮೇಲಿನ ಸನ್‌ಶೇಡ್ ಬಿರುಕು ಬಿಟ್ಟು ಕಂದು ಕಲೆ ಬಂದ್ರೆ ಒಳಗೆ ಸರಳು ತುಕ್ಕು ಹಿಡಿದಿದೆ ಅಂತ ಅರ್ಥ, ಕಡಲ ಹತ್ತಿರದ ಕಟ್ಟಡಗಳಲ್ಲಿ ಉಪ್ಪು ಗಾಳಿಗೆ ಇದು ಇನ್ನೂ ಬೇಗ. ಅದರ ಮೇಲೆ ಸಿಮೆಂಟ್ ಮೆತ್ತಿ ಪೈಂಟ್ ಹೊಡೆದ್ರೆ ಎರಡು ಮಳೆಗಾಲದಲ್ಲಿ ತುಂಡು ತುಂಡಾಗಿ ಕೆಳಗೆ ಬೀಳ್ತದೆ, ಕೆಳಗೆ ಮನುಷ್ಯರು ನಡೀತಾರೆ. ಸಡಿಲ ಕಾಂಕ್ರೀಟ್ ಪೂರಾ ಕೆತ್ತಿ ತೆಗೆದು, ಸರಳಿನ ತುಕ್ಕು ಉಜ್ಜಿ, ಸರಿಯಾದ ಮಾರ್ಟರ್ ಹಾಕ್ಬೇಕು. ಇಷ್ಟು ಕಲೀಲಿಕ್ಕೆ ನಿಮಗೆ ಒಂದು ವರ್ಷ ಸಾಕು, ಒಳ್ಳೆ ಮೇಸ್ತ್ರಿ ಒಬ್ಬರ ಜೊತೆ ಒಂದು ಮಳೆಗಾಲ ಕಳೆದ್ರೆ ಆಯ್ತು.

ಕಲೀಲಿಕ್ಕೆ ಕಷ್ಟ ಇರುದು ಕಾಗದದ ಕೆಲಸ. ಆಡಿಟಿಗೆ ಹೆದರುದು ಅರ್ಧ ಸರಿ. ಮೇಂಟೆನೆನ್ಸಲ್ಲಿ ಸಿಕ್ಕಿ ಬಿದ್ದವರೆಲ್ಲ ಕಮಿಷನ್ ತಿಂದವರಲ್ಲ, ಎಷ್ಟೋ ಜನ ಒಳ್ಳೆಯವರು, ಅರ್ಜೆಂಟ್ ಅಂತ ಮೇಲಿನವರು ಫೋನಲ್ಲಿ ಹೇಳಿದ್ದನ್ನು ಮಾಡಿಸಿದವರು, ಒಂದು ಕೆಲಸವನ್ನು ಮೂರು ತುಂಡು ಮಾಡಿ ಮೂರು ಸಣ್ಣ ಬಿಲ್ ಮಾಡಿಸಿದವರು, ತಾನು ನೋಡದ ಕೆಲಸಕ್ಕೆ ಮೆಶರ್‌ಮೆಂಟ್ ಬುಕ್ಕಲ್ಲಿ (ಮಾಡಿದ ಕೆಲಸದ ಅಳತೆ ಬರೆಯುವ ಪುಸ್ತಕ) ಸೈನ್ ಹಾಕಿದವರು. ಮಂಜೂರಾತಿಯ ಮಿತಿ ತಪ್ಪಿಸ್ಲಿಕ್ಕೆ ಖರೀದಿಯನ್ನು ಸಣ್ಣ ಸಣ್ಣದಾಗಿ ಒಡೀಬಾರ್ದು ಅಂತ ಜನರಲ್ ಫೈನಾನ್ಶಿಯಲ್ ರೂಲಿನಲ್ಲೇ ಉಂಟು, ಉದ್ದೇಶ ಒಳ್ಳೇದಿತ್ತು ಅಂತ ಆಡಿಟಿನವರು ಬಿಡುದಿಲ್ಲ. ಇದಕ್ಕೆ ರಕ್ಷಣೆಯೂ ನಿಯಮದಲ್ಲೇ ಉಂಟು. ಕೇಂದ್ರ ನೌಕರರ ಸಿಸಿಎಸ್ ನಡತೆ ನಿಯಮ 3ರಲ್ಲಿ ಮೇಲಧಿಕಾರಿಯ ನಿರ್ದೇಶನ ಸಾಮಾನ್ಯವಾಗಿ ಲಿಖಿತವಾಗಿರ್ಬೇಕು, ಬಾಯಲ್ಲಿ ಹೇಳಿದ್ರೆ ಆದಷ್ಟು ಬೇಗ ಬರವಣಿಗೆಯಲ್ಲಿ ದೃಢಪಡಿಸ್ಬೇಕು, ಹಾಗೆ ಕೇಳಿ ಪಡೀಬೇಕಾದ್ದು ಕೆಳಗಿನವರ ಕರ್ತವ್ಯ ಅಂತ ಬರೆದಿದೆ. ಅಂದ್ರೆ ನೀವು ಕೇಳಿದ್ರೆ ಅದು ಸೊಕ್ಕಲ್ಲ, ಕರ್ತವ್ಯ. "ನಿನ್ನೆ ಸಂಜೆ ಫೋನಿನಲ್ಲಿ ನಿರ್ದೇಶಿಸಿದಂತೆ ಇಂಥ ಕೆಲಸ ಶುರು ಮಾಡಿದ್ದೇವೆ, ದಯವಿಟ್ಟು ಅನುಮೋದಿಸಿ" ಅಂತ ಅದೇ ದಿನ ಒಂದು ಮೇಲ್ ಹಾಕುವ ಅಭ್ಯಾಸ ಇದ್ದವರ ಮೇಲೆ ಕೈ ತೋರಿಸುದು ಬಹಳ ಕಷ್ಟ.

ಹಾಂ, ಇಂಗ್ಲಿಷ್. ಮೇಂಟೆನೆನ್ಸ್ ಫೈಲಿನಲ್ಲಿ ಬರುದು ಅದೇ ಅದೇ ವಾಕ್ಯ. ಹಳೇ ಫೈಲ್ ನಾಲ್ಕು ತೆಗೆದು ಓದಿ, ನೋಟ್ ಹೇಗೆ ಶುರು ಆಗ್ತದೆ, ಎಸ್ಟಿಮೇಟ್ ಎಲ್ಲಿ ಸೇರಿಸ್ತಾರೆ, ಮಂಜೂರಾತಿ ಹೇಗೆ ಕೇಳ್ತಾರೆ ಅಂತ ಗೊತ್ತಾಗ್ತದೆ. ಕಂಟ್ರಾಕ್ಟಿನ ಹುಡುಗರ ಹತ್ರ ಮಲಯಾಳ, ತುಳು, ಹಿಂದಿ ಮೂರೂ ಮಾತಾಡ್ಲಿಕ್ಕೆ ಬರುವುದು ಗಡಿನಾಡಿನವರಿಗೆ ಇರುವ ದೊಡ್ಡ ಅನುಕೂಲ, ಈ ಕೆಲಸದಲ್ಲಿ ಅದು ಇಂಗ್ಲಿಷಿಗಿಂತ ಹೆಚ್ಚು ಉಪಯೋಗ.

ನಿಮ್ಮ ಜೊತೆಯವರು ಯಾರೂ ಹೇಳದ ಅಪಾಯ ಇನ್ನೊಂದುಂಟು, ನನಗೆ ಅದರ ಬಗ್ಗೆಯೇ ಹೆಚ್ಚು ಚಿಂತೆ. ಅದು ಕಂಟ್ರಾಕ್ಟ್ ಕೆಲಸಗಾರರದ್ದು. ಕಂಟ್ರಾಕ್ಟರ್ ಕೂಲಿ ಕೊಡದಿದ್ರೆ ಕಾನೂನು ಪ್ರಕಾರ ಕೊಡಿಸುವ ಹೊಣೆ ಸಂಸ್ಥೆಗೆ ಬರ್ತದೆ, ಪಿಎಫ್ ಇಎಸ್‌ಐ ಕಟ್ಟಿದ್ದಾರಾ ಅಂತ ಬಿಲ್ ಪಾಸ್ ಮಾಡುವ ಮುಂಚೆ ನೋಡ್ಬೇಕಾದವರು ನೀವು. ಸೆಪ್ಟಿಕ್ ಟ್ಯಾಂಕು, ಚರಂಡಿ ಗುಂಡಿಯ ವಿಷಯದಲ್ಲಂತೂ ಕಣ್ಣು ಮುಚ್ಚಲೇಬೇಡಿ. ರಕ್ಷಣಾ ಸಲಕರಣೆ ಇಲ್ಲದೆ ಮನುಷ್ಯನನ್ನು ಒಳಗೆ ಇಳಿಸುದು ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯಲ್ಲಿ ಅಪರಾಧ, ಮೊದಲ ಸಲಕ್ಕೇ ಎರಡು ವರ್ಷದ ತನಕ ಜೈಲು ಅಥವಾ ಎರಡು ಲಕ್ಷದ ತನಕ ದಂಡ ಅಥವಾ ಎರಡೂ. ಜೈಲಿನ ಮಾತು ಬಿಡಿ, ಒಳಗಿನ ಗ್ಯಾಸಿಗೆ ಒಬ್ಬ ಬಿದ್ರೆ ಅವನನ್ನು ಎತ್ತಲು ಹೋದ ಎರಡನೆಯವನೂ ಬೀಳ್ತಾನೆ, ನಿಮಿಷಗಳಲ್ಲಿ ಮುಗೀತದೆ. ನಾಳೆ ಕಾರ್ಯಕ್ರಮ ಉಂಟು, ಇವತ್ತೇ ಕ್ಲೀನ್ ಆಗ್ಬೇಕು ಅಂತ ಎಷ್ಟೇ ಒತ್ತಡ ಬರ್ಲಿ, ಮೆಶಿನ್ ಗಾಡಿ ಬಾರದೆ ಮುಚ್ಚಳ ತೆಗೀಬೇಡಿ. ಹಾಗೆ ಇಲ್ಲ ಅನ್ನುವ ಧೈರ್ಯ ನಿಮಗುಂಟಾ ಅಂತ ನಿಮ್ಮನ್ನೇ ಕೇಳಿಕೊಳ್ಳಿ, ಡಿಪ್ಲೊಮಾಕ್ಕಿಂತ ಇದೇ ದೊಡ್ಡ ಅರ್ಹತೆ ಅಂತ ನಾನು ನಂಬಿದ್ದೇನೆ.

24 ಗಂಟೆ ಫೋನಿನ ವಿಷಯ ಕಮಿಟಿ ಎದುರೇ ಕೇಳಿ: ನನ್ನ ಕೈಕೆಳಗೆ ಎಷ್ಟು ಜನ, ರಾತ್ರಿ ಶಿಫ್ಟಿಗೆ ರೋಸ್ಟರ್ ಉಂಟಾ, ನನ್ನ ಸೈನಿನಲ್ಲಿ ಎಷ್ಟು ರೂಪಾಯಿ ತನಕದ ರಿಪೇರಿ ಮಾಡಿಸ್ಬಹುದು. ಒಂದು ನಲ್ಲಿ ಬದಲಿಸ್ಲಿಕ್ಕೂ ಮೂರು ಟೇಬಲ್ ದಾಟ್ಬೇಕು, ಆದ್ರೆ ದೂರು ಬಂದಾಗ ಹೆಸರು ನಿಮ್ಮದು ಅಂತಾದ್ರೆ ಅಂಥ ಕಡೆ ಹೋಗ್ಬೇಡಿ ಅಂತ ನಾನು ನೇರ ಹೇಳ್ತೇನೆ. ಸ್ವಲ್ಪವಾದ್ರೂ ಖರ್ಚಿನ ಅಧಿಕಾರ, ಒಬ್ಬ ಸಿವಿಲ್ ಸಹಾಯಕ, ಒಂದು ಲಿಖಿತ ರೋಸ್ಟರ್ ಇದ್ರೆ ಕೆಲಸ ಮಾಡ್ಬಹುದು, ಮಾಡಿದ ತೃಪ್ತಿಯೂ ಸಿಗ್ತದೆ. ಇಷ್ಟು ವರ್ಷ ಜೊತೆಗೆ ಚಾ ಕುಡಿದವರಿಗೆ ನಾಳೆಯಿಂದ ನೀವು ಮೇಲಿನವರು ಅನ್ನುವ ಮುಜುಗರ ಮೊದಲ ಕೆಲವು ತಿಂಗಳು ಇರ್ತದೆ, ಡ್ಯೂಟಿ ಹಾಕುವಾಗ ಎಲ್ಲರಿಗೂ ಒಂದೇ ಅಳತೆ ಇಟ್ಟ್ರೆ ಹೋಗ್ತದೆ.

ಮುಳ್ಳೇರಿಯ ಬಿಟ್ಟು ಹೋಗ್ಲಿಕ್ಕಾಗುದಿಲ್ಲ ಅಂದಿರಿ. ನಿಮ್ಮ ಸಂಸ್ಥೆಗೆ ಬೇರೆ ಊರಲ್ಲಿ ಕೇಂದ್ರ ಉಂಟಾ, ಈ ಪೋಸ್ಟಿಗೆ ವರ್ಗಾವಣೆ ಅನ್ವಯ ಆಗ್ತದಾ ಅಂತ ನೇಮಕಾತಿ ನಿಯಮದಲ್ಲಿ ನೋಡಿ, ಸರ್ಕ್ಯುಲರಲ್ಲಿ ಬರೆದಿರುದಿಲ್ಲ. ಲೆವೆಲ್ 6 ಗ್ರೂಪ್ ಬಿ, ಕೆಲವು ಕಡೆ ಗ್ರೂಪ್ ಸಿಯವರನ್ನು ಕದಲಿಸುದಿಲ್ಲ ಆದ್ರೆ ಬಿಗೆ ಬಂದ ಕೂಡ್ಲೆ ವರ್ಗಾವಣೆಯ ಪಟ್ಟಿಗೆ ಸೇರಿಸ್ತಾರೆ. ಖರೀದಿ, ಬಿಲ್ ಇರುವ ಸೀಟನ್ನು ಸೂಕ್ಷ್ಮ ಹುದ್ದೆ ಅಂತ ಗುರುತಿಸಿದ್ರೆ ಕೆಲವು ವರ್ಷಕ್ಕೊಮ್ಮೆ ಬದಲಿಸುವ ಕ್ರಮವೂ ಉಂಟು. ಗ್ರೂಪ್ ಬಿ ಆದ್ಮೇಲೆ ಪ್ರತಿ ವರ್ಷ ಸ್ಥಿರಾಸ್ತಿ ವಿವರ ಕೊಡ್ಬೇಕು, ತೋಟದ ಕಾಗದಪತ್ರ ನಿಮ್ಮ ಹೆಸರಲ್ಲಿದ್ರೆ ಸರಿ ಮಾಡಿಟ್ಟುಕೊಳ್ಳಿ.

ನನ್ನ ಅಭಿಪ್ರಾಯ ಕೇಳಿದ್ರಿ. ರೆಗ್ಯುಲರ್ ಅಂತಾದ್ರೆ, ವರ್ಗಾವಣೆ ಇಲ್ಲ ಅಂತಾದ್ರೆ, ಹಾಕಿ, ಎರಡು ಸಲ ಯೋಚನೆ ಬೇಡ. ಅಡ್‌ಹಾಕ್ ಆದ್ರೂ ಲೆವೆಲ್ 6ರ ಪೇ ಕೊಡ್ತಾರೆ ಅಂತಿದ್ರೆ ಹಾಕ್ಬಹುದು, ಅನುಭವ ಸಿಗ್ತದೆ, ನಾಳೆ ರೆಗ್ಯುಲರ್ ಭರ್ತಿ ಆಗುವಾಗ ಅದನ್ನು ತೋರಿಸ್ಬಹುದು, ಆದ್ರೆ ವಾಪಸ್ ಬರುವ ದಿನಕ್ಕೆ ಮನಸ್ಸು ತಯಾರಿರ್ಲಿ, ಆ ಹೆಚ್ಚಿನ ಸಂಬಳ ನಂಬಿ ಲೋನ್ ಮಾಡ್ಬೇಡಿ. ಬರೀ ದಿನನಿತ್ಯದ ಚಾರ್ಜು ಅಂತಾದ್ರೆ ಬೇಡ ಅನ್ನುದೇ ಸರಿ, 2030 ಏನೂ ದೂರ ಇಲ್ಲ.

ಸಿಕ್ಕಿದ್ರೆ ಚಾರ್ಜ್ ತಗೊಳ್ಳುವ ದಿನ ಅವಸರ ಮಾಡ್ಬೇಡಿ. ಲಿಫ್ಟಿನ ಲೈಸೆನ್ಸ್ ಯಾವಾಗ ಮುಗೀತದೆ, ಬೆಂಕಿ ಆರಿಸುವ ಸಿಲಿಂಡರಿನ ತಾರೀಕು, ಯಾವ ಎಎಂಸಿ (ವಾರ್ಷಿಕ ನಿರ್ವಹಣೆ ಒಪ್ಪಂದ) ಚಾಲ್ತಿಯಲ್ಲುಂಟು, ಪಾವತಿ ಆಗದ ಬಿಲ್ ಎಷ್ಟು, ಉತ್ತರ ಕೊಡದ ಆಡಿಟ್ ಆಕ್ಷೇಪಣೆ ಯಾವುದು, ಸ್ಟೋರಿನಲ್ಲಿ ಪುಸ್ತಕದ ಲೆಕ್ಕಕ್ಕೆ ಸಾಮಾನು ಹೊಂದ್ತದಾ, ಎಲ್ಲ ಪಟ್ಟಿ ಮಾಡಿ ಕೊಡುವವರ ಸೈನ್ ಸಮೇತ ಒಂದು ಕಾಪಿ ನಿಮ್ಮ ಹತ್ರ ಇಟ್ಟುಕೊಳ್ಳಿ. ಕಮ್ಮಿ ಇದ್ದದ್ದನ್ನು ಕಮ್ಮಿ ಅಂತಲೇ ಬರೀರಿ. ಪೇ ಫಿಕ್ಸೇಶನಿಗೆ ಪ್ರಮೋಷನ್ ದಿನದಿಂದಲಾ, ಮುಂದಿನ ಇನ್ಕ್ರಿಮೆಂಟ್ ದಿನದಿಂದಲಾ ಅಂತ ಆಪ್ಶನ್ ಕೊಡ್ಲಿಕ್ಕೆ ಒಂದು ತಿಂಗಳು ಮಾತ್ರ ಸಮಯ, ಅದು ನಿಮಗೆ ಅನ್ವಯ ಆಗ್ತದಾ, ಆಗುದಾದ್ರೆ ಎರಡೂ ರೀತಿಯಲ್ಲಿ ಲೆಕ್ಕ ಮಾಡಿ ಕೊಡಿ ಅಂತ ಅಕೌಂಟ್ಸಿನವರತ್ರ ಮೊದಲ ವಾರದಲ್ಲೇ ಕೇಳಿ.

ಮತ್ತೆ ಅರ್ಜಿ ಹಾಕುವ ಮುಂಚೆ ಒಂದು ಕೆಲಸ ಮಾಡಿ, ಟಾರ್ಚ್ ಹಿಡ್ಕೊಂಡು ಕ್ಯಾಂಪಸಿನ ಎಲ್ಲ ಟೆರೇಸು, ಪಂಪ್‌ಹೌಸು, ಡಕ್ಟುಗಳನ್ನು ಒಂದು ಸುತ್ತು ಹಾಕಿ ನೋಡಿದ್ದನ್ನು ಬರೆದಿಡಿ. ಇಂಟರ್ವ್ಯೂನಲ್ಲಿ ಮೊದಲ ಆರು ತಿಂಗಳಲ್ಲಿ ಏನು ಮಾಡ್ತೀರಿ ಅಂತ ಕೇಳೇ ಕೇಳ್ತಾರೆ, ಯಾವ ಬ್ಲಾಕಿನ ಯಾವ ಸನ್‌ಶೇಡ್ ಮೊದ್ಲು ಕೆಡವ್ಬೇಕು ಅಂತ ನೀವು ಹೇಳಿದ್ರೆ ಕೂತವರು ಪೆನ್ನು ಕೆಳಗಿಟ್ಟು ಕೇಳ್ತಾರೆ.